ಮುನ್ನೂರು ಪದಗಳೊಳಗೆ

ಜನವರಿ ೧೮

ಗುಬ್ಬಿಗೆ,

ಉತ್ತರ ಬರೆಯಲು ತಡವಾಯಿತು ಎಂದು ಮುಖ ಊದಿಸಿಕೊಳ್ಳಬೇಡ. ಈ ತಿಂಗಳಲ್ಲಿ ಆಗಲೇ ಮೂರು ಹೆರಿಗೆ. ಮೂರನೆಯದು ಶಾಲೆಯ ಜಗಲಿಯ ಮೇಲಾಯಿತು. ಆ ಹೆಂಗಸಿನ ಮನೆಯ ಸೂರು ಕಿತ್ತುಹೋಗಿತ್ತು, ಒಳಗೆ ಮಲಗಿಸುವ ಹಾಗಿರಲಿಲ್ಲ. ದೊಡ್ಡಮ್ಮ ಎರಡು ಹೊದಿಕೆ ಕಟ್ಟಿ ಮರೆ ಮಾಡಿದಳು. ಗೋಡೆಯ ಆಚೆ ಮಕ್ಕಳು ಮಗ್ಗಿ ಹೇಳುತ್ತಿದ್ದರು, ಈಚೆ ಇವಳು ನರಳುತ್ತಿದ್ದಳು. ಹದಿನಾಲ್ಕರ ಮಗ್ಗಿ ಮುಗಿಯುವ ಹೊತ್ತಿಗೆ ಕೂಸು ಅತ್ತಿತು. ಮೇಷ್ಟ್ರು ಹೊರಗೆ ಬಂದು, ಇದರ ಹೆಸರನ್ನೂ ಹಾಜರಿಯಲ್ಲಿ ಬರೆದುಕೊಳ್ಳಲೇ ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೈ ತೊಳೆಯುವಾಗ ಆ ನಗು ಎಲ್ಲಿ ಹೋಯಿತೋ.

ಎರಡು ವರ್ಷದ ಹಿಂದೆ ನಮ್ಮ ಸಂಘದಿಂದ ಹೆರಿಗೆ ಕೋಣೆಗೆ ಅರ್ಜಿ ಹಾಕಿದ್ದು ನಿನಗೆ ನೆನಪಿರಬೇಕು. ಮೂಲನಿವಾಸಿಗಳ ಅಭಿವೃದ್ಧಿ ನಿಧಿಯವರು ಒಂದೇ ಸಾಲು ಬರೆದು ವಾಪಸು ಕಳಿಸಿದ್ದರು: ಅಗತ್ಯವನ್ನು ಮನವರಿಕೆಯಾಗುವಂತೆ ವಿವರಿಸಿಲ್ಲ. ನದಿ ದಾಟಿ, ಬಸ್ಸು ಹಿಡಿದು, ಆಸ್ಪತ್ರೆ ಮುಟ್ಟಲು ಐದು ತಾಸು ಎಂದು ನಾನು ಬರೆದಿದ್ದೆ. ಇನ್ನು ಹೇಗೆ ಮನವರಿಕೆ ಮಾಡುವುದೋ ಈ ದಾದಿಗೆ ತಿಳಿಯದು. ಈ ವರ್ಷ ಮತ್ತೆ ಅರ್ಜಿ ಕರೆದಿದ್ದಾರೆ. ಬೇರೆ ಊರಿನವರಿಗೆಲ್ಲ ಅರ್ಜಿ ಬರೆದುಕೊಡುವುದೇ ನಿನ್ನ ಉದ್ಯೋಗ. ಈ ಸಲ ನಮ್ಮದನ್ನೂ ಬರೆ. ಅವರಿಗೆ ತಿಳಿಯುವ ಭಾಷೆ ನಿನಗೆ ಗೊತ್ತು.

ದೊಡ್ಡಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು, ಆದರೂ ಕೂತಲ್ಲಿ ಕೂರುವುದಿಲ್ಲ. ಭಾವ ನಿನ್ನೆ ದೋಣಿ ಕಟ್ಟಿ ಬಂದು ಅವಳಿಗೆ ಸೌದೆ ತಂದು ಹಾಕಿ ಹೋದರು.

ನಿನ್ನ,
ಅಕ್ಕ

*

ಫೆಬ್ರವರಿ ೨

ಅಕ್ಕನಿಗೆ,

ಅರ್ಜಿಯ ನಮೂನೆ ತರಿಸಿಕೊಂಡೆ. ಇಪ್ಪತ್ತೆರಡು ಪುಟ. ಫಲಾನುಭವಿಗಳಲ್ಲಿ ನೇರ ಎಷ್ಟು ಜನ, ಪರೋಕ್ಷ ಎಷ್ಟು ಜನ ಎಂದು ಕೇಳಿದ್ದಾರೆ. ಹೆರುವವಳು ನೇರವಾದರೆ ಹುಟ್ಟುವ ಕೂಸು ಯಾವುದು ಎಂದು ನಾವು ಮಧ್ಯಾಹ್ನವೆಲ್ಲ ವಾದ ಮಾಡಿದೆವು. ನಮ್ಮ ಕಚೇರಿ ಟೈರ್ ಅಂಗಡಿಯ ಮೇಲಿನ ಮಹಡಿ. ಕಿಟಕಿ ತೆರೆದರೆ ರಬ್ಬರಿನ ನಾತ, ಮುಚ್ಚಿದರೆ ಸೆಕೆ. ಆರು ಮೇಜು, ಒಂದೇ ಫ್ಯಾನು. ಇಲ್ಲಿ ಕೂತು ನಾವು ಊರೂರುಗಳ ಕಷ್ಟವನ್ನು ಪುಟಕ್ಕೆ ಇಳಿಸುತ್ತೇವೆ.

ಕೊನೆಯಲ್ಲಿ ಒಂದು ಪ್ರಶ್ನೆ ಇದೆ. ನಿಮ್ಮ ಸಮುದಾಯದ ಒಬ್ಬರ ನಿಜ ಜೀವನದ ಘಟನೆಯನ್ನು ಮುನ್ನೂರು ಪದಗಳೊಳಗೆ ಬರೆಯಿರಿ. ನಮ್ಮ ಹಿರಿಯ ಮೇಡಂ ಹೇಳುವ ಪ್ರಕಾರ ಅರ್ಜಿ ಗೆಲ್ಲುವುದೂ ಬೀಳುವುದೂ ಆ ಮುನ್ನೂರು ಪದದಲ್ಲೇ. ಏನಾದರೂ ಹೊಂದಿಸುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಸಮುದಾಯದ ಹಿರಿಯರ ಒಪ್ಪಿಗೆ ಬೇಕಂತೆ. ದೊಡ್ಡಮ್ಮನ ಹೆಬ್ಬೆಟ್ಟು ಹಾಕಿಸಿ ಬೇಗ ಕಳಿಸು. ಕಡೆಯ ದಿನ ಇಪ್ಪತ್ತೆಂಟು.

ನಿನ್ನ,
ಗುಬ್ಬಿ

*

ಫೆಬ್ರವರಿ ೧೬

ಗುಬ್ಬಿಗೆ,

ಹಾಳೆ ಕಳಿಸಿದ್ದೇನೆ. ದೊಡ್ಡಮ್ಮ ಹೆಬ್ಬೆಟ್ಟು ಹಾಕುವ ಮೊದಲು, ಅರ್ಜಿಯಲ್ಲಿ ಏನೇನಿದೆ ಎಂದು ಕೇಳಿದಳು. ಕೋಣೆಯ ಅಳತೆ, ಮಂಚ, ನೀರಿನ ತೊಟ್ಟಿ, ಇಂಥವೇ ಎಂದೆ. "ಗುಬ್ಬಿ ಬರೆದಿದ್ದಾಳಲ್ಲ, ಓದಿಸೋದು ಏನಿದೆ" ಎಂದಳು. ಹಾಳೆಯ ಕೆಳಗೆ "ಓದಿಸಿ ಕೇಳಿ ಒಪ್ಪಿದ್ದೇನೆ" ಎಂದು ಅಚ್ಚಾಗಿತ್ತು. ಓದಲು ನೀನು ಅರ್ಜಿಯನ್ನೇ ಕಳಿಸಿರಲಿಲ್ಲ. ಇರಲಿ, ಅವಸರ ಎಂದಿದ್ದೆಯಲ್ಲ.

ಕೋಣೆ ಬಂದರೆ ಬಾಗಿಲು ನದಿಯ ಕಡೆಗಿರಲಿ ಎಂದು ಅವಳ ಆಸೆ. ದೋಣಿ ಬಂದದ್ದು ಒಳಗಿನಿಂದಲೇ ಕಾಣಬೇಕಂತೆ.

ಅಕ್ಕ

*

ಮೇ ೯

ಅಕ್ಕಾ,

ಬಂತು. ಮಂಜೂರಾಯಿತು. ನೂರ ಎಪ್ಪತ್ತು ಅರ್ಜಿಗಳಲ್ಲಿ ಒಂಬತ್ತನ್ನು ಆರಿಸಿದ್ದಾರೆ, ನಮ್ಮದು ಎರಡನೆಯದು. ಮೇಡಂ ಎಲ್ಲರ ಮುಂದೆ ಬೆನ್ನು ತಟ್ಟಿದರು. ಕಟ್ಟಡಕ್ಕೂ ಸಾಮಾನಿಗೂ ಮೊದಲ ಕಂತು ಜೂನಿನಲ್ಲಿ ಬರುತ್ತದೆ. ಎರಡನೆಯದು ಮುಂದಿನ ವರ್ಷ. ಇನ್ನೊಬ್ಬ ದಾದಿಯ ಸಂಬಳ ಮತ್ತು ದೋಣಿಗೆ ಎಂಜಿನ್ ಅದರಲ್ಲಿ.

ಸಂಘದವರಿಗೆಲ್ಲ ಹೇಳು. ದೊಡ್ಡಮ್ಮನಿಗೂ ಹೇಳು.

ಒಂದು ಮಾತು. ನಿಧಿಯವರು ನೋಡಲು ಬಂದಾಗ ದೊಡ್ಡಮ್ಮ ಮುಂದೆ ನಿಂತು ಮಾತಾಡಲೇಬೇಕು ಎಂದೇನಿಲ್ಲ. ವಯಸ್ಸಾಗಿದೆ, ಸುಸ್ತಾಗುತ್ತದೆ. ನೀನೇ ನೋಡಿಕೋ.

ಗುಬ್ಬಿ

*

ಜುಲೈ ೨೧

ಗುಬ್ಬಿಗೆ,

ಗೋಡೆ ಎದೆಯೆತ್ತರ ಬಂದಿದೆ. ಕಿಟಕಿಯ ಚೌಕಟ್ಟು ಕೂರಿಸಿದ್ದಾರೆ. ಬಾಗಿಲು ನದಿಯ ಕಡೆಗೇ.

ಸಿಮೆಂಟು, ಕಬ್ಬಿಣ, ತಗಡು ಎಲ್ಲವನ್ನೂ ಭಾವನೇ ದಾಟಿಸಿದರು. ಒಂದು ಚೀಲವೂ ನೆನೆಯಲಿಲ್ಲ. ದಿನಕ್ಕೆ ಎಂಟು ಸಲ ಆಚೆ ಈಚೆ, ಬಾಡಿಗೆ ಎಂದರೆ ಕೇಳಿಸಿಕೊಳ್ಳುವುದೇ ಇಲ್ಲ. ಮೊನ್ನೆ ಮೇಸ್ತ್ರಿ ಒತ್ತಾಯ ಮಾಡಿದಾಗ ಅವರು ಹೇಳಿದ್ದು ನನಗೆ ಕೇಳಿಸಿತು: "ಒಂದು ದಿನ ತಡ ಮಾಡಿದೆ. ಈ ಕೆಲಸಕ್ಕಾದರೂ ತಡ ಆಗದೇ ಇರಲಿ." ಮೇಸ್ತ್ರಿ ಹೊರಗಿನವನು, ಅವನಿಗೆ ಅರ್ಥವಾಗಲಿಲ್ಲ. ನಾನು ಅತ್ತ ತಿರುಗಿಕೊಂಡೆ.

ಹತ್ತೊಂಬತ್ತು ವರ್ಷವಾಯಿತು ಗುಬ್ಬಿ. ದೊಡ್ಡಮ್ಮನ ಮಗಳು, ನಮ್ಮ ದೊಡ್ಡಕ್ಕ, ಹೆರಿಗೆ ನೋವು ತಿನ್ನುತ್ತಿದ್ದ ಆ ದಿನ ಇವರ ದೋಣಿ ಆಚೆ ದಡದಲ್ಲಿತ್ತು. ಕೂಗಿ ಕರೆದ ಮೇಲೆ ಬರಲು ಒಂದು ತಾಸು ಹಿಡಿಯಿತು. ತಾಯಿ, ಮಗು ಇಬ್ಬರೂ ನಡುನೀರಿನಲ್ಲೇ ಹೋದರು. ದೊಡ್ಡಮ್ಮ ದಡದಲ್ಲಿ ನಿಂತು ಊರೆಲ್ಲ ಕೇಳುವ ಹಾಗೆ "ಇಷ್ಟು ಹೊತ್ತು ಎಲ್ಲಿದ್ದೆ" ಎಂದು ಅವರನ್ನು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನೀನು ಆಗ ಚಿಕ್ಕವಳು. ಆಮೇಲೆ ಅವರು ಬೇರೆ ಮದುವೆಯಾಗಲಿಲ್ಲ, ಅತ್ತೆಯನ್ನು ಬಿಟ್ಟೂ ಹೋಗಲಿಲ್ಲ. ಅವಳೂ ಅವರ ಬಗ್ಗೆ ಒಂದು ಕೆಟ್ಟ ಮಾತಾಡಿದವಳಲ್ಲ.

ಉದ್ಘಾಟನೆಗೆ ನೀನು ಬರಲೇಬೇಕು. ಈ ಕೋಣೆ ನಿನ್ನದೇ.

ಅಕ್ಕ

*

ಸೆಪ್ಟೆಂಬರ್ ೪

ಅಕ್ಕನಿಗೆ,

ನಿನ್ನ ಕಾಗದ ಓದಿ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಕೆಲಸ ಹೆಚ್ಚು.

ಉದ್ಘಾಟನೆಗೆ ಬರಲಾಗುವುದಿಲ್ಲ. ಆ ವಾರವೇ ಬೇರೆ ಎರಡು ಅರ್ಜಿಗೆ ಕಡೆಯ ದಿನ. ರಜೆ ಕೇಳಿದರೆ ಸಿಗುತ್ತಿತ್ತೋ ಏನೋ, ಕೇಳಲಿಲ್ಲ. ಕಿಟಕಿಗೆ ಪರದೆ ಕಳಿಸುತ್ತಿದ್ದೇನೆ.

ಭಾವ ಆರೋಗ್ಯವಾಗಿದ್ದಾರೆಯೇ?

ಗುಬ್ಬಿ

*

ಸೆಪ್ಟೆಂಬರ್ ೨೩

ಅಕ್ಕಾ,

ಇದನ್ನು ಓದಿದ ಕೂಡಲೇ ಹೇಳಿದ ಹಾಗೆ ಮಾಡು. ಗುಡ್ಡದ ಆಚೆ ಫೋನು ಸಿಗುವ ಹಾಗಿದ್ದರೆ ಈ ಕ್ಷಣವೇ ಮಾಡುತ್ತಿದ್ದೆ. ನಿಧಿಯವರು ಒಂದು ಪುಸ್ತಿಕೆ ಅಚ್ಚು ಹಾಕಿಸಿದ್ದಾರೆ. ಉದ್ಘಾಟನೆಗೆ ಬರುವಾಗ ಅದರ ಕಟ್ಟು ತರುತ್ತಾರೆ. ಅದನ್ನು ಇಸಿದುಕೊಂಡು ನಿನ್ನ ಮನೆಯೊಳಗಿಡು. ಯಾರಿಗೂ ಹಂಚಬೇಡ. ಭಾಷಣದಲ್ಲಿ ಅದರಿಂದ ಏನೂ ಓದಬಾರದು ಎಂದು ಅಧಿಕಾರಿಗೆ ಹೇಳು. ಕಾರಣ ಕೇಳಿದರೆ ಮನೆಯವರ ವಿಷಯ ಎನ್ನು.

ನಾನೂ ಅವರ ಕಚೇರಿಗೆ ಹೋಗಿದ್ದೆ. ಅಚ್ಚಾಗಿ ಹೋಗಿದೆ, ಈಗ ಏನು ಮಾಡಲು ಸಾಧ್ಯ ಎಂದರು. ತುಂಬ ಚೆನ್ನಾಗಿದೆ ಎಂದೂ ಹೇಳಿದರು.

ಮಿಕ್ಕದ್ದು ಆಮೇಲೆ ಬರೆಯುತ್ತೇನೆ.

ಗುಬ್ಬಿ

*

ಅಕ್ಟೋಬರ್ ೧

ಗುಬ್ಬಿ,

ನಿನ್ನ ಕಾಗದ ಇವತ್ತು ಕೈ ಸೇರಿತು. ಉದ್ಘಾಟನೆ ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ ಮುಗಿದುಹೋಗಿದೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬಂದ ಅಧಿಕಾರಿ ಒಳ್ಳೆಯ ಹೆಂಗಸು. ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದಳು, ದೊಡ್ಡಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಕೋಣೆಯ ಒಳಗೂ ಹೊರಗೂ ಜನ. ಭಾವ ಬಂದವರಿಗೆ ನೀರು ಕೊಡುತ್ತ ಬಾಗಿಲ ಬಳಿ ನಿಂತಿದ್ದರು. ಅಧಿಕಾರಿ ಎದ್ದು, ಈ ಕೋಣೆಯ ಹಿಂದೆ ಒಬ್ಬ ತಾಯಿಯ ಕಥೆ ಇದೆ ಎಂದಳು. ಪುಸ್ತಿಕೆ ತೆಗೆದು ಓದಿದಳು. ಪಕ್ಕದ ಪುಟದಲ್ಲಿ ದೊಡ್ಡಮ್ಮನ ಫೋಟೊ. ಅದು ನೀನೇ ತೆಗೆದದ್ದು, ಅವಳು ಹಿತ್ತಿಲಲ್ಲಿ ಕೂತಿರುವುದು.

ಓದುತ್ತ ಹೋದಳು. ಇನ್ನೂರು ಕೂಸು ಹಿಡಿದ ಸೂಲಗಿತ್ತಿ. ಒಬ್ಬಳೇ ಮಗಳು. ಮಧ್ಯಾಹ್ನಕ್ಕೇ ಹೊಟ್ಟೆಯ ಮೇಲೆ ಕೈ ಇಟ್ಟಾಗ ಮಗು ಅಡ್ಡ ಇದೆ ಎಂದು ತಿಳಿಯಿತು. ಅಳಿಯ ಬಂದು ದೋಣಿ ಇಲ್ಲೇ ಕಟ್ಟಿರಲೇ ಎಂದು ಕೇಳಿದ. ಎಲ್ಲ ಸರಿ ಇದೆ, ಕೆಲಸಕ್ಕೆ ಹೋಗು ಎಂದು ಅವಳು ಸುಳ್ಳು ಹೇಳಿದಳು. ಸಂಜೆಯವರೆಗೂ ತಾನೇ ಮಗುವನ್ನು ತಿರುಗಿಸಲು ನೋಡಿದಳು. ಆಮೇಲೆ ದೋಣಿಗೆ ಕೂಗಿದಳು.

ಓದಿ ಮುಗಿಸಿ ಅಧಿಕಾರಿ ಪುಸ್ತಿಕೆ ಮಡಚಿದಳು. ಹೊರಗಿನಿಂದ ಬಂದವರು ಚಪ್ಪಾಳೆ ತಟ್ಟಿದರು. ನಮ್ಮವರು ಯಾರೂ ತಟ್ಟಲಿಲ್ಲ. ಭಾವ ಕೈಯಲ್ಲಿದ್ದ ತಟ್ಟೆಯನ್ನು, ಒಂದು ಲೋಟವೂ ಸದ್ದಾಗದಂತೆ ನೆಲದ ಮೇಲಿಟ್ಟರು. ಇಟ್ಟು ಹೊರಟುಹೋದರು. ದೊಡ್ಡಮ್ಮ ತಲೆ ಎತ್ತಲಿಲ್ಲ. ಆಮೇಲೆ ಫೋಟೊ ತೆಗೆಯಬೇಕು ಎಂದು ಅವಳ ಕೈ ಹಿಡಿದು ನಿಲ್ಲಿಸಿದರು. ನಿಂತಳು.

ನಿನ್ನೆ ಬೆಳಗ್ಗೆ ಅವಳ ಕತ್ತರಿ, ದಾರ, ಬಟ್ಟೆಯ ಚೀಲ ನನ್ನ ಹೊಸ್ತಿಲ ಮೇಲಿತ್ತು. ಹೋಗಿ ಕೇಳಿದೆ. "ಇನ್ನು ನನ್ನ ಕೈ ಯಾರಿಗೂ ಬೇಡ" ಎಂದಳು. ಅಷ್ಟೇ. ನಾನು ಆಡಿದ ಹತ್ತು ಮಾತಿಗೂ ಅದೇ ಉತ್ತರ.

ಇದು ನಿನಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳುವುದಿಲ್ಲ. ಅವಳೇ ಹೇಳಿರಬೇಕು, ನಿನ್ನೊಬ್ಬಳಿಗೇ. ಇಷ್ಟು ವರ್ಷ ಒಂದೇ ಮನೆಯ ಹಾಗೆ ಇದ್ದ ನನಗೆ ಹೇಳದೆ ನಿನಗೆ ಹೇಳಿದಳು. ನೀನು ಅದನ್ನು ಏನು ಮಾಡಿದೆ ನೋಡು.

ಆ ಹಾಳೆಗೆ ಹೆಬ್ಬೆಟ್ಟು ಹಾಕಿಸಿದವಳು ನಾನು. ಅವಳ ಬೆರಳು ಹಿಡಿದು ಮಸಿಗೆ ಒತ್ತಿದ್ದು ಈ ಕೈ. ನನಗೂ ಅನ್ನ ಇಳಿಯುತ್ತಿಲ್ಲ.

ಸದ್ಯಕ್ಕೆ ಬರೆಯಬೇಡ.

ಅಕ್ಕ

*

ಅಕ್ಟೋಬರ್ ೧೨

ಅಕ್ಕನಿಗೆ,

ನೀನು ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಹಾಕು.

ನಾನು ನಗರಕ್ಕೆ ಹೊರಟ ಹಿಂದಿನ ದಿನ ದೊಡ್ಡಮ್ಮ ನನ್ನ ತಲೆ ಬಾಚುತ್ತ ಹೇಳಿದ್ದಳು. ಏಳು ವರ್ಷವಾಯಿತು. ನಾನು ಅವಳ ಮುಖ ನೋಡುವ ಹಾಗಿರಲಿಲ್ಲ, ಹಾಗೆಂದೇ ಹೇಳಿದಳೋ ಏನೋ. ಹಿಂದೊಮ್ಮೆ ಅವಳು ಒಬ್ಬ ಬಸುರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿಯವರು ಇವಳ ಕೈಯನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ಈ ಕೊಳಕು ಕೈಯಿಂದಲೇ ನಿಮ್ಮ ಜನ ಸಾಯುವುದು ಎಂದಿದ್ದರಂತೆ. ಮಗಳನ್ನು ಅವರ ಕೈಗೆ ಒಪ್ಪಿಸಲು ಅವಳಿಗೆ ಮನಸ್ಸು ಬರಲಿಲ್ಲ. ತಾನೇ ತಿರುಗಿಸಿಬಿಡುತ್ತೇನೆ ಅಂದುಕೊಂಡಳು. ಅರ್ಜಿಯಲ್ಲಿ ನಾನು ಈ ಭಾಗವನ್ನು ಬಿಟ್ಟೆ. ನಿಧಿಯವರಿಗೆ ಆಸ್ಪತ್ರೆಯವರ ಮೇಲಿನ ದೂರು ಹಿಡಿಸುವುದಿಲ್ಲ ಎಂದು ಬಿಟ್ಟೆ. ಅವಳ ಸುಳ್ಳನ್ನು ಮಾತ್ರ ಉಳಿಸಿಕೊಂಡೆ.

ಮೊದಲು ಬರೆದದ್ದು ಶಾಲೆಯ ಜಗಲಿಯ ಹೆರಿಗೆಯನ್ನೇ. ನಿನ್ನ ಮಾತುಗಳಲ್ಲೇ ಬರೆದಿದ್ದೆ, ಮಗ್ಗಿಯೂ ಇತ್ತು. ಮೇಡಂ ಓದಿ, ಚೆನ್ನಾಗಿದೆ, ಆದರೆ ಇದರಲ್ಲಿ ಯಾರಿಗೂ ಏನೂ ಆಗಲಿಲ್ಲವಲ್ಲ ಎಂದರು. ಅವರ ಮೇಲೆ ತಪ್ಪು ಹೊರಿಸುತ್ತಿಲ್ಲ. ಇನ್ನೊಂದನ್ನು ಬರೆ ಎಂದು ಅವರು ಹೇಳಲಿಲ್ಲ. ಮೇಜಿಗೆ ವಾಪಸು ಬಂದು ಕೂತ ಹತ್ತು ನಿಮಿಷಕ್ಕೆ ನಾನೇ ಶುರು ಮಾಡಿದೆ. ಒಂದು ಪದ ತಿದ್ದಲಿಲ್ಲ. ಎಣಿಸಿದಾಗ ಇನ್ನೂರ ತೊಂಬತ್ತೆಂಟು. ಆಗ ನನಗೆ ಏನನ್ನಿಸಿತು ಗೊತ್ತೆ? ಗೆದ್ದೆ ಎಂದು ಅನ್ನಿಸಿತು. ಅದನ್ನು ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ.

ಕೋಣೆ ಬರಲಿ ಎಂದೇ ಬರೆದೆ. ಇಂಥ ಇನ್ನೊಂದು ಸಾವು ಆಗದಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅರ್ಜಿ ನಿನಗೆ ಕಳಿಸದೆ ಬರಿಯ ಒಪ್ಪಿಗೆಯ ಹಾಳೆ ಕಳಿಸಿದೆ ನೋಡು, ಅದು ಅವಸರಕ್ಕಲ್ಲ. ಏನಾದರೂ ಹೊಂದಿಸುತ್ತೇನೆ ಎಂದು ನಿನಗೆ ಬರೆದಾಗಲೇ ಅದು ಬರೆದಾಗಿತ್ತು, ಕಡೆಯ ದಿನಕ್ಕೆ ಇನ್ನೂ ಇಪ್ಪತ್ತಾರು ದಿನವಿತ್ತು. ನೀನು ಓದಿದರೆ ಬೇಡ ಎನ್ನುತ್ತೀಯ ಎಂದು ಗೊತ್ತಿತ್ತು.

ದೊಡ್ಡಮ್ಮನ ಮುಂದೆ ಬಂದು ನಿಲ್ಲಲು ಧೈರ್ಯವಿಲ್ಲ. ಬಾ ಎಂದರೆ ಬರುತ್ತೇನೆ.

ಗುಬ್ಬಿ

*

ಡಿಸೆಂಬರ್ ೨೦

ಅಕ್ಕನಿಗೆ,

ನಿನ್ನಿಂದ ಎರಡು ತಿಂಗಳಾದರೂ ಸುದ್ದಿ ಇಲ್ಲ. ಸಂಘದ ವಿಷಯ ಇರುವುದರಿಂದ ಬರೆಯಲೇಬೇಕಾಗಿದೆ.

ಎರಡನೆಯ ಕಂತಿಗೆ ನಿಧಿಯವರು ವರದಿ ಕೇಳಿದ್ದಾರೆ. ಜೊತೆಗೆ ಕಥೆಯ ಮುಂದಿನ ಭಾಗ ಬೇಕಂತೆ. ಆ ತಾಯಿ ಈಗ ಹೊಸ ಕೋಣೆಯಲ್ಲಿ ಹೇಗೆ ನೆಮ್ಮದಿ ಕಂಡಳು ಎಂದು, ಮತ್ತೆ ಮುನ್ನೂರು ಪದ. ನಾನು ಬರೆಯುವುದಿಲ್ಲ ಎಂದೆ. ಮೇಡಂ ಸಿಟ್ಟಾಗಲಿಲ್ಲ, ನಿನ್ನ ಸಂಕೋಚದಿಂದ ಅಲ್ಲಿಯ ಹೆಂಗಸರಿಗೆ ದಾದಿ ತಪ್ಪುತ್ತದೆ, ದೋಣಿಗೆ ಎಂಜಿನ್ ತಪ್ಪುತ್ತದೆ, ಯೋಚನೆ ಮಾಡು ಎಂದರು. ಎರಡು ವಾರದಿಂದ ಅದನ್ನೇ ಮಾಡುತ್ತಿದ್ದೇನೆ. ಬರೆದರೂ ತಪ್ಪು, ಬರೆಯದಿದ್ದರೂ ತಪ್ಪು ಎನ್ನುವ ಜಾಗಕ್ಕೆ ನಾನೇ ಬಂದು ನಿಂತಿದ್ದೇನೆ, ಯಾರೂ ತಳ್ಳಿದ್ದಲ್ಲ.

ಉಳಿದಿದ್ದ ಪುಸ್ತಿಕೆಗಳನ್ನು ಕೇಳಿ ತಂದೆ. ನಲವತ್ತು ಸಿಕ್ಕವು. ಅಚ್ಚಾಗಿದ್ದು ಎರಡು ಸಾವಿರ.

ವರದಿಗೆ ಮಾರ್ಚ್ ಕೊನೆಯವರೆಗೆ ಸಮಯವಿದೆ. ಸಂಘ ಹೇಗೆ ಹೇಳಿದರೆ ಹಾಗೆ.

ಗುಬ್ಬಿ

*

ಫೆಬ್ರವರಿ ೬

ಗುಬ್ಬಿಗೆ,

ಬರೆಯಬಾರದು ಎಂದೇ ಇದ್ದೆ. ಆದರೆ ಇದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು.

ನಾಲ್ಕು ತಿಂಗಳು ಆ ಕೋಣೆಯಲ್ಲಿ ನಾನೊಬ್ಬಳೇ. ಐದು ಹೆರಿಗೆ, ಎಲ್ಲ ಸಲೀಸಾಗಿ ಆದವು. ದೊಡ್ಡಮ್ಮ ಅತ್ತ ಸುಳಿಯಲಿಲ್ಲ. ಭಾವ ಅವಳ ಮನೆಗೆ ಸೌದೆ ಹಾಕುವುದನ್ನು ಬಿಟ್ಟರು. ನದಿ ದಾಟಬೇಕಾದರೆ ಅವಳನ್ನೂ ಎಲ್ಲರ ಹಾಗೆ ದಾಟಿಸುತ್ತಿದ್ದರು. ಕೈ ಹಿಡಿದು ಹತ್ತಿಸುತ್ತಿದ್ದರು, ಕೈ ಹಿಡಿದು ಇಳಿಸುತ್ತಿದ್ದರು, ಒಂದು ಮಾತಿಲ್ಲ. ಇದನ್ನು ನೋಡುವುದಕ್ಕಿಂತ ಅವರು ಜಗಳವಾಡಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಹೋದ ಮಂಗಳವಾರ ನೇಕಾರರ ಸೊಸೆಗೆ ಬೆಳಗ್ಗೆ ನೋವು ಶುರುವಾಯಿತು. ಮೊದಲ ಹೆರಿಗೆ. ಹನ್ನೊಂದರ ಹೊತ್ತಿಗೆ ನನಗೆ ಅನುಮಾನ ಬಂತು. ತಲೆ ಇರಬೇಕಾದ ಕಡೆ ಕೈಗೆ ಏನೂ ಸಿಗುತ್ತಿರಲಿಲ್ಲ. ನನ್ನದು ಓದಿ ಕಲಿತ ಕೈ, ಅವಳ ಕೈಯಷ್ಟು ಗಟ್ಟಿಯಾಗಿ ಹೇಳಲಾರೆ. ಎರಡು ಸಲ ಹೇಳಿ ಕಳಿಸಿದೆ. ಬರಲಿಲ್ಲ. ಅಷ್ಟರಲ್ಲಿ ಭಾವ ಔಷಧಿಯ ಪೆಟ್ಟಿಗೆ ತಂದರು. ನನ್ನ ಮುಖ ನೋಡಿ ಏನೆಂದು ಕೇಳಿದರು. ಹೇಳಿದೆ. ಪೆಟ್ಟಿಗೆ ಇಟ್ಟು ನೇರ ಅವಳ ಮನೆಗೆ ಹೋದರು.

ಅಲ್ಲಿ ಏನು ಮಾತಾಯಿತೆಂದು ಪಕ್ಕದ ಮನೆಯಾಕೆ ಆಮೇಲೆ ಹೇಳಿದಳು. ಹೊಸ್ತಿಲಾಚೆ ನಿಂತೇ ಹೇಳಿದರಂತೆ: "ಬಂದು ನೋಡಿ. ನೋಡಿದ್ದನ್ನ ನೋಡಿದ ಹಾಗೇ ಹೇಳಿ. ನಾನು ಕೇಳೋದು ಅಷ್ಟೇ."

ಬಂದಳು. ಮಂಡಿಯ ಮೇಲೆ ಕೈ ಊರಿಕೊಂಡು ಮೆಟ್ಟಿಲು ಹತ್ತಿದಳು. ಉದ್ಘಾಟನೆಯ ದಿನ ಬಿಟ್ಟರೆ ಆ ಕೋಣೆಗೆ ಕಾಲಿಟ್ಟಿದ್ದು ಅದೇ ಮೊದಲು. ಕೈ ತೊಳೆದಳು. ಆ ಹುಡುಗಿಯ ಹೊಟ್ಟೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು. ಅರ್ಧ ನಿಮಿಷವೂ ಆಗಿರಲಿಲ್ಲ. ಬಾಗಿಲ ಕಡೆ ತಿರುಗಿ, ಭಾವನ ಮುಖ ನೋಡುತ್ತ ಹೇಳಿದಳು: "ಅಡ್ಡ ಇದೆ. ನನ್ನ ಕೈಲಿ ಆಗಲ್ಲ. ದೋಣಿ ಬಿಡು."

ಮೂವರೂ ಹೋದೆವು. ನಾನು ಹುಡುಗಿಯ ತಲೆ ಹಿಡಿದಿದ್ದೆ, ದೊಡ್ಡಮ್ಮ ಅವಳ ಕಾಲ ಬಳಿ. ಭಾವ ಒಂದೇ ಸಮನೆ ಹುಟ್ಟು ಹಾಕಿದರು. ಆಚೆ ದಡದಲ್ಲಿ ಲಾರಿಯವನೊಬ್ಬ ಸಿಕ್ಕಿದ, ಐದು ತಾಸಿನ ದಾರಿ ಮೂರಕ್ಕೆ ಮುಗಿಯಿತು. ಆಸ್ಪತ್ರೆಯಲ್ಲಿ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಇಬ್ಬರೂ ಉಳಿದರು. ದೊಡ್ಡಮ್ಮ ಅಲ್ಲಿಯ ಮೊಗಸಾಲೆಯ ಬೆಂಚಿನ ಮೇಲೆ, ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದಳು. ಯಾರಾದರೂ ನೋಡಿಯಾರು ಎನ್ನುವ ಹಾಗೆ. ಭಾವ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ.

ವರದಿಯ ವಿಷಯ ಸಂಘದಲ್ಲಿ ಮಾತಾಡಿದೆವು. ಎಂಜಿನ್ ಬೇಕು ಎನ್ನುವವರೂ ಇದ್ದಾರೆ, ಬರೆಯಲಿ ಬಿಡು, ಹೋಗಿದ್ದು ಹೋಯಿತು ಎನ್ನುವವರೂ ಇದ್ದಾರೆ. ಅದನ್ನು ದೊಡ್ಡಮ್ಮನೇ ಹೇಳಬೇಕು ಎಂದು ನಾನು ಹೇಳಿದೆ. ಈ ಸಲ ಪೂರ್ತಿ ಓದಿ ಹೇಳಿದ್ದೇನೆ, ನಿನ್ನ ಎರಡೂ ಕಾಗದಗಳನ್ನು. ಯೋಚಿಸಿ ಹೇಳುತ್ತೇನೆ ಎಂದಳು.

ನಿನ್ನ ಮೇಲೆ ನನಗಿರುವ ಸಿಟ್ಟು ಇಳಿದಿಲ್ಲ. ಇಳಿಯುತ್ತದೆ ಅನ್ನಿಸುತ್ತದೆ.

ಅಕ್ಕ

*

ಮಾರ್ಚ್ ೩

ಗುಬ್ಬಿಗೆ ದೊಡ್ಡಮ್ಮ ಹೇಳಿ ಬರೆಸಿದ್ದು. ಹೇಳಿದ ಹಾಗೇ ಬರೆಯಬೇಕು ಎಂದಿದ್ದಾರೆ, ಹಾಗೇ ಬರೆದಿದೆ.

ನಿಮ್ಮಕ್ಕ ತರಬೇತಿಗೆ ಅಂತ ಹೋಗಿದ್ದಾಳೆ. ಅವಳಿದ್ದಾಗಲೂ ನಾನು ಅವಳ ಕೈಲಿ ಬರೆಸ್ತಿರಲಿಲ್ಲ. ನಿಮ್ಮ ಭಾವನ್ನ ಕರೆದು ಕೂರಿಸಿ ಬರೆಸ್ತಾ ಇದೀನಿ. ಅವನಿಗೆ ನಾನು ಹೇಳಬೇಕಾಗಿದ್ದೂ ನಿನಗೆ ಹೇಳಬೇಕಾಗಿದ್ದೂ ಒಂದೇ. ಎರಡು ಸಲ ಹೇಳೋ ಶಕ್ತಿ ನನಗಿಲ್ಲ.

ನೀನು ಬರೆದಿದ್ದು ಸುಳ್ಳಲ್ಲ. ಮಧ್ಯಾಹ್ನಕ್ಕೇ ನನ್ನ ಕೈಗೆ ಗೊತ್ತಾಗಿತ್ತು. ಅವನು ದೋಣಿ ಕಟ್ಟಿರಲಾ ಅಂದ, ನಾನು ಹೋಗು ಅಂದೆ. ಆಮೇಲೆ ದಡದಲ್ಲಿ ಅವನನ್ನ ಕೇಳಿದೆನಲ್ಲ, ಎಲ್ಲಿದ್ದೆ ಅಂತ. ಅದನ್ನ ನೀನು ಬರೆದಿಲ್ಲ. ಬರೆಯೋ ಹಾಗಿದ್ದರೆ ಅದನ್ನೇ ಬರೀಬೇಕಿತ್ತು. ಮಗಳು ಹೋದ ದುಃಖದಲ್ಲಿ ಬಾಯಿಂದ ಬಂತು ಅಂತ ಎಲ್ಲ ಅಂದುಕೊಂಡರು. ಹಾಗಲ್ಲ. ನನ್ನನ್ನ ಯಾರೂ ಕೇಳಬಾರದು ಅಂತ ನಾನೇ ಮೊದಲು ಅವನನ್ನ ಕೇಳಿದೆ. ಹತ್ತೊಂಬತ್ತು ವರ್ಷ ಅವನು ತಂದು ಹಾಕಿದ ಸೌದೆಲಿ ಒಲೆ ಹಚ್ಚಿದೆ.

ಒಂದೊಂದು ದಿನ ಹೇಳಿಬಿಡೋಣ ಅಂತ ಎದ್ದು ಅವನ ಮನೆ ತನಕ ಹೋಗ್ತಿದ್ದೆ. ಮಂಡಿ ನೋವಿಗೆ ಎಣ್ಣೆ ಇದೆಯಾ ಅಂತ ಕೇಳಿ ವಾಪಸು ಬರ್ತಿದ್ದೆ.

ನಿನ್ನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತೆ. ನಿನಗೆ ತಲೆ ಬಾಚ್ತಾ ಹೇಳಿದ್ದು ನಿನ್ನ ತಲೇಲಿ ಇರಲಿ ಅಂತ. ಅದನ್ನ ಹೇಳೋ ಬಾಯಿ ನಂದಾಗಬೇಕಿತ್ತು ಗುಬ್ಬಿ. ನಾನು ಸಾಯೋವರೆಗೂ ಹೇಳ್ತಿರಲಿಲ್ಲವೋ ಏನೋ. ಆದರೂ ನನ್ನದೇ ಆಗಬೇಕಿತ್ತು.

ವರದಿಲಿ ಕಥೆ ಬೇಡ. ಎಷ್ಟು ಹೆರಿಗೆ ಆಯ್ತು, ಎಷ್ಟು ಜನರನ್ನ ಆಸ್ಪತ್ರೆಗೆ ಕಳಿಸಿದ್ವಿ, ಹೊರಟಿದ್ದು ಎಷ್ಟು ಹೊತ್ತಿಗೆ, ಮುಟ್ಟಿದ್ದು ಎಷ್ಟು ಹೊತ್ತಿಗೆ, ಅಷ್ಟು ಬರಿ. ಕೊಟ್ಟರೆ ಕೊಡಲಿ. ಆಸ್ಪತ್ರೆಯೋರು ನನ್ನ ಕೈ ಎತ್ತಿ ಹಿಡಿದು ಅಂದ ಮಾತನ್ನ ಬೇಕಿದ್ದರೆ ಬರಿ, ಅದಕ್ಕೆ ನನ್ನ ಒಪ್ಪಿಗೆ ಇದೆ. ಈ ಸಲ ಹೆಬ್ಬೆಟ್ಟು ಓದಿಸಿ ಕೇಳಿದ ಮೇಲೇ.

ನಾನು ಮತ್ತೆ ಕೋಣೆಗೆ ಹೋಗ್ತಾ ಇದೀನಿ. ನಿಮ್ಮಕ್ಕನ ಹತ್ರ ಇಟ್ಟಿದ್ದ ಚೀಲ ವಾಪಸು ತಗೊಂಡಿದೀನಿ.

ದೊಡ್ಡಮ್ಮ

ಅವರು ಹೇಳಿದ್ದು ಮುಗಿಯಿತು. ಈಗ ಎದ್ದು ಒಳಗೆ ಹೋದರು. ಮುಂದಿನದು ನನ್ನದು.

ನಡುವೆ ಒಂದು ಕಡೆ ಮಸಿ ಹರಡಿದೆ. ಅಲ್ಲಿ ಸ್ವಲ್ಪ ಹೊತ್ತು ಬರೆಯಲಾಗಲಿಲ್ಲ, ಕ್ಷಮಿಸು.

ಅವರ ಮೇಲೆ ನನಗೆ ಏನಿದೆಯೋ ಇನ್ನೂ ತಿಳಿಯುತ್ತಿಲ್ಲ. ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಅವರಿಗೆ ಹೇಳಲು ಏಕೆ ಆಗಲಿಲ್ಲ ಎನ್ನುವುದು ಮಾತ್ರ ಅರ್ಥವಾಗುತ್ತದೆ. ನಿನ್ನದು ಅರ್ಥವಾಗುವುದಿಲ್ಲ. ಪುಸ್ತಿಕೆಯಲ್ಲಿ ಬರೆದದ್ದನ್ನು ಕೇಳುತ್ತಿಲ್ಲ. ಏಳು ವರ್ಷ ನಿನಗೆ ಗೊತ್ತಿತ್ತು. ಪ್ರತಿ ರಜೆಗೂ ನನ್ನ ದೋಣಿಯಲ್ಲಿ ಎದುರಿಗೆ ಕೂತು ಬಂದೆ, ಕೂತು ಹೋದೆ. ಒಂದು ಸಲ ನಾನು ನಿನ್ನ ದೊಡ್ಡಕ್ಕನ ಸುದ್ದಿ ಎತ್ತಿ, ಅವತ್ತು ನಾನು ಹೋಗಬಾರದಿತ್ತು ಎಂದು ಅತ್ತುಬಿಟ್ಟೆ. ನೀನು ನೀರು ನೋಡುತ್ತ ಕೂತಿದ್ದೆ. ಯಾರೋ ಕಾಣದವರಿಗೆ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ?

ಕಾಗದದಲ್ಲಿ ಉತ್ತರ ಬೇಡ. ಬಂದು ಹೇಳು.

ಭಾವ

*

ಮಾರ್ಚ್ ೧೪

ಭಾವನಿಗೆ,

ದೊಡ್ಡಮ್ಮ ಹೇಳಿದ ಹಾಗೆಯೇ ವರದಿ ಬರೆದಿದ್ದೇನೆ. ಕಳಿಸಿಲ್ಲ, ತರುತ್ತಿದ್ದೇನೆ, ಅಲ್ಲೇ ಕೂತು ಓದುತ್ತೇನೆ.

ನೀವು ಕೇಳಿದ್ದಕ್ಕೆ ಉತ್ತರ ಕಾಗದದಲ್ಲಿ ಬೇಡ ಎಂದಿರಿ. ಆದರೂ ನಾಲ್ಕು ಸಲ ಬರೆದೆ. ನಾಲ್ಕೂ ಚೆನ್ನಾಗಿ ಬಂದವು, ಓದಿದರೆ ನಿಮಗೆ ನನ್ನ ಮೇಲೆ ಮರುಕ ಬರುವಷ್ಟು. ಅದಕ್ಕೇ ಹರಿದು ಹಾಕಿದೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದಿಳಿಯುತ್ತೇನೆ.

ಗುಬ್ಬಿ